ತಲೆಗೊಂದು ಡಾಲರು: ನೈಟ್ಸ್ ಆಫ್ ಕೊಲಂಬಸ್ ಸೇರಿದ ಅನುಭವ

ಅಮೆರಿಕದ ಕನೆಕ್ಟಿಕಟ್ ರಾಜ್ಯದಲ್ಲಿ ನೆಲೆಸಿದ ಕಥೋಲಿಕ ಗಂಡಸು ಭಾನುವಾರದ ಬಲಿಪೂಜೆಗೆ ತಪ್ಪದೆ ಹೋಗುವವನಾದರೆ, ಇವತ್ತಲ್ಲ ನಾಳೆ ಯಾರಾದರೊಬ್ಬರು ಹತ್ತಿರ ಬಂದು "ನೀವು ನೈಟ್ಸ್ ಸೇರಿದ್ದೀರಾ?" ಎಂದು ಕೇಳಿಯೇ ಕೇಳುತ್ತಾರೆ. ನೈಟ್ಸ್ ಎಂದರೆ ನೈಟ್ಸ್ ಆಫ್ ಕೊಲಂಬಸ್, ಹಳೆಯ ಯೂರೋಪಿನ ವೀರಯೋಧರ ಬಿರುದನ್ನು ಹೆಸರಿಗೆ ಇಟ್ಟುಕೊಂಡ ಕಥೋಲಿಕ ಗಂಡಸರ ಪರಸ್ಪರ ಸಹಾಯ ಸಂಘ. ನನ್ನನ್ನು ಕೇಳಿದವರು ನಮ್ಮ ಧರ್ಮಕೇಂದ್ರದ ಒಬ್ಬ ನಿವೃತ್ತ ಅಂಚೆ ನೌಕರರು. ಐರಿಷ್ ಮೂಲದವರು, ಎಪ್ಪತ್ತು ದಾಟಿದವರು. ಅವರ ಕೋಟಿನ ಮೇಲೆ ಗುರಾಣಿ, ಲಂಗರು, ಕತ್ತಿ ಇರುವ ಪುಟ್ಟದೊಂದು ಪಿನ್ನು ಇತ್ತು. ನಾನು ಕನಕಪುರ ತಾಲ್ಲೂಕಿನ ಹಾರೋಬೆಲೆ ಕಡೆಯವನು. ಹಾರ್ಟ್‌ಫರ್ಡಿಗೆ ಬಂದದ್ದು ಆ ಊರಿಗೆ ಹೆಸರು ತಂದಿರುವ ವಿಮಾ ಕಂಪನಿಗಳ ಸಾಫ್ಟ್‌ವೇರ್ ಕೆಲಸಕ್ಕೆ. ಊರಿನಲ್ಲಿ ನಾನು ಕಂಡು ಬೆಳೆದ ಸಭೆಯೆಂದರೆ ಸಂತ ವಿನ್ಸೆಂಟ್ ದೆ ಪೌಲರ ಸಭೆ. 1833ರಲ್ಲಿ ಪ್ಯಾರಿಸ್ಸಿನಲ್ಲಿ ಫ್ರೆಡೆರಿಕ್ ಒಝನಾಮ್ ಮತ್ತು ಅವರ ಗೆಳೆಯರು ಕಟ್ಟಿದ ಆ ಸಭೆಯವರು ನಮ್ಮ ಕಡೆ ಸದ್ದಿಲ್ಲದೆ ಬಡವರ ಮನೆಗೆ ಅಕ್ಕಿ ತಲುಪಿಸುತ್ತಿದ್ದರೇ ಹೊರತು ಅವರಿಗೆ ಕತ್ತಿ, ಗುರಾಣಿ, ಬಿರುದುಗಳ ಗೊಡವೆ ಇರಲಿಲ್ಲ. ಆದ್ದರಿಂದ ಈ ಹಿರಿಯರಿಗೆ ಹೂಂ ಎನ್ನಲೂ ಇಲ್ಲ, ಊಹೂಂ ಎನ್ನಲೂ ಇಲ್ಲ. ಸ್ವಲ್ಪ ಓದಿಕೊಂಡು ಹೇಳುತ್ತೇನೆಂದೆ. ಅವರು ನಕ್ಕು, "ಓದಿ, ಆದರೆ ಲೆಕ್ಕದ ಭಾಗವನ್ನು ಬಿಡಬೇಡಿ" ಎಂದರು. ನನ್ನ ಉದ್ಯೋಗ ಅವರಿಗೆ ಗೊತ್ತಿತ್ತು.

ಓದಿದ ಮೇಲೆ ಆ ಮಾತಿನ ಅರ್ಥ ತಿಳಿಯಿತು. ಸಂಘದ ಸ್ಥಾಪಕ ಫಾದರ್ ಮೈಕೆಲ್ ಮೆಕ್‌ಗಿವ್ನಿ 1852ರ ಆಗಸ್ಟ್ 12ರಂದು ಇದೇ ರಾಜ್ಯದ ವಾಟರ್‌ಬರಿಯಲ್ಲಿ ಹುಟ್ಟಿದವರು. ತಂದೆ ಹಿತ್ತಾಳೆ ಕಾರ್ಖಾನೆಯಲ್ಲಿ ಎರಕದ ಕೆಲಸಗಾರ, ತಾಯಿ ಹೆತ್ತದ್ದು ಹದಿಮೂರು ಮಕ್ಕಳನ್ನು. ಅವರಲ್ಲಿ ಆರು ಮಂದಿ ಎಳವೆಯಲ್ಲೇ ತೀರಿಕೊಂಡರು. ಹಿರಿಯ ಮಗನಾದ ಮೈಕೆಲ್ ಹದಿಮೂರನೆಯ ವಯಸ್ಸಿಗೆ ಶಾಲೆ ಮುಗಿಸಿ ಅದೇ ಊರಿನ ಹಿತ್ತಾಳೆ ಕಾರ್ಖಾನೆಯೊಂದರ ಚಮಚ ತಯಾರಿಸುವ ವಿಭಾಗಕ್ಕೆ ಕೆಲಸಕ್ಕೆ ಸೇರಿದ. ಮುಂದೆ ಪಾದ್ರಿಯಾಗಲು ಗುರುಮಠದಲ್ಲಿ ಓದುತ್ತಿದ್ದಾಗ, 1873ರಲ್ಲಿ, ತಂದೆ ತೀರಿಕೊಂಡರು. ದುಡಿಯುವ ಗಂಡಸು ಸತ್ತರೆ ಮನೆಯಲ್ಲಿ ಏನಾಗುತ್ತದೆ ಎಂಬುದನ್ನು ಅವರು ಪುಸ್ತಕದಿಂದ ಕಲಿಯಬೇಕಾಗಿರಲಿಲ್ಲ. 1877ರ ಡಿಸೆಂಬರಿನಲ್ಲಿ ಬಾಲ್ಟಿಮೋರಿನಲ್ಲಿ ಗುರುದೀಕ್ಷೆ ಪಡೆದು ನ್ಯೂ ಹೇವನ್ ನಗರದ ಸಂತ ಮೇರಿ ದೇವಾಲಯಕ್ಕೆ ಸಹಾಯಕ ಗುರುಗಳಾಗಿ ಬಂದಾಗ, ಅವರು ಮನೆಮನೆಯಲ್ಲೂ ಕಂಡದ್ದು ಅದನ್ನೇ.

ಆ ಕಾಲದ ನ್ಯೂ ಹೇವನ್ನಿನಲ್ಲಿ ಐರಿಷ್ ವಲಸೆಗಾರರಿಗೆ ಸಿಗುತ್ತಿದ್ದದ್ದು ಅಪಾಯದ, ಕಡಿಮೆ ಕೂಲಿಯ ಕೆಲಸ. ಯಜಮಾನ ಸತ್ತರೆ ಉಳಿದವರಿಗೆ ಆಸರೆಯಿರಲಿಲ್ಲ. ಮಕ್ಕಳ ಹೊಣೆ ಹೊರಲು ಯಾರಾದರೂ ಮುಂದೆ ಬಾರದಿದ್ದರೆ ನ್ಯಾಯಾಲಯವು ಅವರನ್ನು ಬೇರೆಯವರ ವಶಕ್ಕೆ ಒಪ್ಪಿಸಬಹುದಿತ್ತು. ಡೌನ್ಸ್ ಎಂಬ ಕುಟುಂಬದ ತಂದೆ ತೀರಿಕೊಂಡಾಗ ಒಬ್ಬ ಹುಡುಗನಿಗೆ ಮೆಕ್‌ಗಿವ್ನಿಯವರೇ ನ್ಯಾಯಾಲಯದಲ್ಲಿ ಪೋಷಕರಾಗಿ ನಿಂತರು. ಹೀಗೆ ಒಬ್ಬ ಗುರು ಎಷ್ಟು ಮನೆಗಳಿಗೆ ನಿಲ್ಲಬಹುದು? 1881ರ ಅಕ್ಟೋಬರ್ 2ರಂದು ಅವರು ಸಂತ ಮೇರಿ ದೇವಾಲಯದ ನೆಲಮಾಳಿಗೆಯಲ್ಲಿ ಧರ್ಮಕೇಂದ್ರದ ಕೆಲವು ಗಂಡಸರನ್ನು ಸೇರಿಸಿ ಮಾತು ಆರಂಭಿಸಿದ್ದು ಈ ಪ್ರಶ್ನೆಯ ಸುತ್ತ. ಮ್ಯಾಸಚೂಸೆಟ್ಸಿನಲ್ಲಿ ಕಥೋಲಿಕ ಫಾರೆಸ್ಟರ್ಸ್ ಎಂಬ ಪರಸ್ಪರ ಸಹಾಯ ಸಂಘ ಆಗಲೇ ಇತ್ತು, ಬ್ರೂಕ್ಲಿನ್ನಿನಲ್ಲಿ ಇನ್ನೊಂದು. ಮೆಕ್‌ಗಿವ್ನಿ ಅವೆರಡರ ವ್ಯವಸ್ಥೆಯನ್ನೂ ವಿಚಾರಿಸಿಕೊಂಡು ಬಂದು, ಕೊನೆಗೆ ತಮ್ಮದೇ ಸಂಘ ಕಟ್ಟುವುದೇ ಸರಿಯೆಂದು ನಿರ್ಧರಿಸಿದರು. 1882ರ ಮಾರ್ಚ್ 29ರಂದು ರಾಜ್ಯದ ಶಾಸನಸಭೆಯಿಂದ ಸನ್ನದು ಸಿಕ್ಕಿತು. ಅಂತರ್ಯುದ್ಧದಲ್ಲಿ ಹೋರಾಡಿದ್ದ ಜೇಮ್ಸ್ ಮುಲೆನ್ ಮೊದಲ ಸುಪ್ರೀಂ ನೈಟ್, ಅಂದರೆ ಇಡೀ ಸಂಘದ ಅಧ್ಯಕ್ಷರು, ಆದರು. ಗುರುಗಳು ಅಧ್ಯಕ್ಷ ಪೀಠದಲ್ಲಿ ಕೂರದೆ ಕಾರ್ಯದರ್ಶಿಯ ಕೆಲಸ ಹಿಡಿದರು ಎಂಬುದು ನನಗೆ ಬಹಳ ಮೆಚ್ಚಿಕೆಯಾದ ಸಂಗತಿ. ಸಂಘ ಹುಟ್ಟಿಸಿದ ಸ್ವಾಮಿಯವರು ಪತ್ರ ಬರೆಯುತ್ತಾ, ಲೆಕ್ಕ ಇಡುತ್ತಾ ಕೂತರು. ಗಂಡಸರು ತಮ್ಮ ಸಂಘವನ್ನು ತಾವೇ ನಡೆಸಿದರು.

ಇನ್ನು ಆ ಲೆಕ್ಕ. ಸದಸ್ಯನೊಬ್ಬ ಸತ್ತರೆ ಅವನ ವಿಧವೆಗೆ ಸಾವಿರ ಡಾಲರು. ಅದಕ್ಕಾಗಿ ಉಳಿದ ಸದಸ್ಯರು ತಲೆಗೊಂದು ಡಾಲರು ಕೊಡಬೇಕು. ಸದಸ್ಯರ ಸಂಖ್ಯೆ ಸಾವಿರ ದಾಟಿದರೆ ತಲೆಯ ಮೇಲಿನ ಮೊತ್ತ ಅದೇ ಪ್ರಮಾಣದಲ್ಲಿ ಇಳಿಯುತ್ತದೆ. ಕಾಯಿಲೆ ಬಿದ್ದು ಕೆಲಸಕ್ಕೆ ಹೋಗಲಾರದವನಿಗೆ ವಾರಕ್ಕೆ 5 ಡಾಲರಿನವರೆಗೆ, 13 ವಾರಗಳ ತನಕ. ಆಮೇಲೂ ಏಳದಿದ್ದರೆ ಎಷ್ಟು ಕೊಡಬೇಕೆಂದು ಅವನ ಕೌನ್ಸಿಲ್, ಅಂದರೆ ಸಂಘದ ಸ್ಥಳೀಯ ಶಾಖೆ, ತೀರ್ಮಾನಿಸುತ್ತದೆ. ನಮ್ಮ ಹಳ್ಳಿಗಳಲ್ಲಿ ಮದುವೆ ಮನೆಗೆ ಮುಯ್ಯಿ ಬರೆಸುತ್ತಾರಲ್ಲ, ಇವತ್ತು ನಿಮ್ಮ ಮನೆಗೆ, ನಾಳೆ ನಮ್ಮ ಮನೆಗೆ ಎಂಬ ಹಾಗೆ, ಇದು ಸಾವಿನ ಮನೆಗೆ ಬರೆಸಿದ ಮುಯ್ಯಿ. ವ್ಯತ್ಯಾಸವೆಂದರೆ ಇಲ್ಲಿ ತೀರಿಸುವ ಹೊಣೆ ಒಬ್ಬ ನೆಂಟನದಲ್ಲ, ಇಡೀ ಸಂಘದ್ದು. ವಿಮೆಯ ಕೆಲಸದವನ ಕಣ್ಣಿಗೆ ಇದರ ದೋಷವೂ ತಕ್ಷಣ ಕಾಣುತ್ತದೆ: ಇಪ್ಪತ್ತೈದರ ಹುಡುಗನೂ ಐವತ್ತರ ಗೃಹಸ್ಥನೂ ಪ್ರತಿ ಸಾವಿಗೂ ಒಂದೇ ಮೊತ್ತ ಕೊಟ್ಟರೆ, ಬದುಕಿನ ಒಟ್ಟು ಲೆಕ್ಕದಲ್ಲಿ ಹುಡುಗ ಹೆಚ್ಚು ತೆತ್ತಿರುತ್ತಾನೆ. ಇಂಥ ಎಷ್ಟೋ ಸಂಘಗಳು ಆ ಶತಮಾನದಲ್ಲಿ ಮುಳುಗಿದ್ದು ಇದೇ ಕಾರಣಕ್ಕೆ. ಪ್ರಾಯದವರು ಬಿಟ್ಟು ಹೋಗುತ್ತಾರೆ, ಮುದುಕರು ಉಳಿಯುತ್ತಾರೆ, ಸಾವು ಹೆಚ್ಚುತ್ತದೆ, ಕಂತು ಏರುತ್ತದೆ, ಇನ್ನಷ್ಟು ಜನ ಬಿಡುತ್ತಾರೆ. ನೈಟ್ಸ್ ಸಂಘ ಮುಂದೆ ವಯಸ್ಸಿಗೆ ತಕ್ಕ ಕಂತಿನ ಪದ್ಧತಿಗೆ ಬಂದು ಬದುಕಿಕೊಂಡಿತು, ಇವತ್ತು ದೊಡ್ಡ ವಿಮಾ ಸಂಸ್ಥೆಯೇ ಆಗಿದೆ.

ಆದರೆ ಆ ಮೊದಲ ವರ್ಷಗಳಲ್ಲಿ, ಲೆಕ್ಕ ಸರಿಯಿಲ್ಲದಿದ್ದಾಗಲೂ, ಹುಡುಗರು ಬಿಟ್ಟು ಹೋಗದಂತೆ ಹಿಡಿದಿಟ್ಟದ್ದು ಏನು? ಬಿರುದು, ಕತ್ತಿ, ದೀಕ್ಷೆಯ ವಿಧಿಗಳ ಬಗ್ಗೆ ನನಗಿದ್ದ ಹಿಂಜರಿಕೆ ಸಡಿಲವಾದದ್ದು ಈ ಪ್ರಶ್ನೆ ಎದ್ದ ಮೇಲೆ. ಹತ್ತೊಂಬತ್ತನೆಯ ಶತಮಾನದ ಅಮೆರಿಕದಲ್ಲಿ ಗಂಡಸೆಂದರೆ ಯಾವುದಾದರೊಂದು ಗುಪ್ತ ವಿಧಿಯ ಸಂಘಕ್ಕೆ ಸೇರಿದವನು ಎಂಬಷ್ಟರ ಮಟ್ಟಿಗೆ ಆ ಹುಚ್ಚು ಹಬ್ಬಿತ್ತು. ಫ್ರೀಮೇಸನ್ ಸಂಘವನ್ನು ಸೇರಬಾರದೆಂದು ಪೋಪ್ ಹನ್ನೆರಡನೆಯ ಕ್ಲೆಮೆಂಟರು 1738ರಲ್ಲೇ ನಿಷೇಧಿಸಿದ್ದರಿಂದ ಕಥೋಲಿಕನಿಗೆ ಆ ಬಾಗಿಲು ಮುಚ್ಚಿತ್ತು. ಬೇರೆ ಎಷ್ಟೋ ಬಾಗಿಲುಗಳನ್ನು ಎದುರು ಪಕ್ಷದವರೇ, ಅಂದರೆ ಪ್ರೊಟೆಸ್ಟೆಂಟರೇ, ಮುಚ್ಚಿದ್ದರು. ಸಂತ ಮೇರಿ ದೇವಾಲಯವು ಸಿರಿವಂತರ ಬೀದಿಯಾದ ಹಿಲ್‌ಹೌಸ್ ಅವೆನ್ಯೂದಲ್ಲಿ ಎದ್ದ ಮೇಲೆ, ಅದರಿಂದ ಬೀದಿಯ ಅಂದ ಕೆಟ್ಟಿತೆಂಬ ಧಾಟಿಯಲ್ಲಿ 1879ರಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ತಲೆಬರಹ ಕೊಟ್ಟಿತ್ತು. ಇಂಥ ಊರಿನಲ್ಲಿ ಹಗಲೆಲ್ಲಾ ಕೂಲಿ ಮಾಡಿದವನು ಸಂಜೆ ಬಂದು ನೈಟ್ ಎನ್ನಿಸಿಕೊಂಡು, ಎದ್ದು ನಿಂತು ಮಾತಾಡಿ, ಮತ ಹಾಕಿ ಮನೆಗೆ ಹೋಗುತ್ತಿದ್ದ. ಹಾಗೆ ನೋಡಿದರೆ ವಿಧವೆಯರ ಸಾವಿರ ಡಾಲರನ್ನು ಕಾಯುತ್ತಿದ್ದದ್ದು ಆ ಕತ್ತಿಗಳೇ.

ಕೊಲಂಬಸನ ಹೆಸರನ್ನು ಇಟ್ಟದ್ದೂ ಅದೇ ಹಠಕ್ಕೆ. ಈ ಖಂಡಕ್ಕೆ ಮೊದಲು ಬಂದವನೇ ಕಥೋಲಿಕ, ನಮ್ಮನ್ನು ಹೊರಗಿನವರೆನ್ನಲು ನೀವಾರು ಎಂಬ ವಾದ ಅದು. ಮೊದಲ ಕೌನ್ಸಿಲ್ಲಿಗೆ ಅವನು ಕಾಲಿಟ್ಟ ದ್ವೀಪದ ಹೆಸರನ್ನೇ, ಸಾನ್ ಸಾಲ್ವಡೋರ್ ಎಂದು, ಇಟ್ಟರು. ಇಂಡಿಯಾವನ್ನು ಹುಡುಕಿ ಹೊರಟು ದಾರಿ ತಪ್ಪಿದವನ ಹೆಸರಿನ ಸಂಘಕ್ಕೆ ಇಂಡಿಯಾದವನೊಬ್ಬ ಸೇರುವುದರಲ್ಲಿ ಇರುವ ತಮಾಷೆಯನ್ನು ನಾನು ನಮ್ಮ ಅಂಚೆಯ ಹಿರಿಯರಿಗೆ ಹೇಳಿದಾಗ ಅವರು ಜೋರಾಗಿ ನಕ್ಕರು. ಅವನ ಬಗೆಗಿನ ಇಂದಿನ ತಕರಾರುಗಳು ಬೇರೆ. ಮೂಲನಿವಾಸಿಗಳ ಮೇಲೆ ಅವನ ಆಡಳಿತ ನಡೆಸಿದ ಕ್ರೌರ್ಯವನ್ನು ಅಲ್ಲಗಳೆಯಲಾಗದು. ಸಂಘ ಹುಟ್ಟಿದ ಅದೇ ನ್ಯೂ ಹೇವನ್ನಿನ ವೂಸ್ಟರ್ ಸ್ಕ್ವೇರಿನಲ್ಲಿದ್ದ ಕೊಲಂಬಸನ ಪ್ರತಿಮೆಯನ್ನು 2020ರ ಜೂನ್‌ನಲ್ಲಿ ಕೆಳಗಿಳಿಸಿದರು. ಅದೇ ವರ್ಷದ ಅಕ್ಟೋಬರ್ 31ರಂದು ಹಾರ್ಟ್‌ಫರ್ಡಿನ ಸಂತ ಜೋಸೆಫರ ಪ್ರಧಾನಾಲಯದಲ್ಲಿ ಮೆಕ್‌ಗಿವ್ನಿಯವರನ್ನು ಧನ್ಯರೆಂದು, ಅಂದರೆ ಸಂತ ಪದವಿಗೆ ಹಿಂದಿನ ಮೆಟ್ಟಿಲಿಗೆ ಏರಿದವರೆಂದು, ಘೋಷಿಸಲಾಯಿತು. ಸಂಘ ಇಂದು ಯಾರ ಹೆಸರಿನಲ್ಲಿ ಮಾತಾಡಲು ಹೆಮ್ಮೆಪಡಬೇಕೆಂಬ ಪ್ರಶ್ನೆಗೆ ಆ ಒಂದು ವರ್ಷವೇ ಉತ್ತರ ಕೊಟ್ಟಂತಾಯಿತೆಂದು ನಾನು ತಿಳಿದಿದ್ದೇನೆ; ಎಲ್ಲ ಸದಸ್ಯರೂ ಇದನ್ನು ಒಪ್ಪುತ್ತಾರೆಂದಲ್ಲ.

ಸೇರುವ ವಿಧಾನ ಸರಳವಾದದ್ದು. ಹದಿನೆಂಟು ತುಂಬಿರಬೇಕು, ಗಂಡಸಾಗಿರಬೇಕು, ಆಚರಣೆಯಲ್ಲಿರುವ ಕಥೋಲಿಕನಾಗಿರಬೇಕು. ಈಗ ಅಂತರ್ಜಾಲದಲ್ಲೇ ಹೆಸರು ನೋಂದಾಯಿಸಬಹುದಾದರೂ ನಮ್ಮ ಹಿರಿಯರು ಕಾಗದದ ಅರ್ಜಿಯನ್ನೇ ತಂದುಕೊಟ್ಟರು. ಸಂಘದವರು ಅದನ್ನು ನೂರನೆಯ ನಮೂನೆ ಎನ್ನುತ್ತಾರೆ. ಹೆಸರು, ಕಸುಬು, ಧರ್ಮಕೇಂದ್ರ, ಮನೆಯವರ ವಿವರ, ಕೊನೆಯಲ್ಲಿ ಶಿಫಾರಸು ಮಾಡುವ ಸದಸ್ಯನ ಸಹಿ. ಅದನ್ನು ಊಟದ ಮೇಜಿನ ಮೇಲಿಟ್ಟು ತುಂಬುತ್ತಿದ್ದಾಗ ನನ್ನ ಹೆಂಡತಿ ಓದಿ ನೋಡಿ, "ಹೆಂಗಸರಿಗೆ ಯಾಕಿಲ್ಲ ರೀ?" ಎಂದಳು. 1897ರಲ್ಲಿ ಇದೇ ನ್ಯೂ ಹೇವನ್ನಿನಲ್ಲಿ ಹೆಂಗಸರಿಗಾಗಿ ಡಾಟರ್ಸ್ ಆಫ್ ಇಸಬೆಲ್ಲಾ ಎಂಬ ಸಂಘ ಹುಟ್ಟಿದೆ ಎಂದು ಹೇಳಿದೆ. "ನಾನು ಕೇಳಿದ್ದು ಅದಲ್ಲ" ಎಂದು ಎದ್ದು ಹೋದಳು. ಗಂಡ ಸತ್ತರೆ ಹೆಂಡತಿ ಬೀದಿಗೆ ಬೀಳುತ್ತಿದ್ದ ಕಾಲದಲ್ಲಿ ದುಡಿಯುವ ಗಂಡಸಿನ ಜೀವಕ್ಕೆ ವಿಮೆ ಮಾಡಿಸಿದ್ದರಲ್ಲಿ ತರ್ಕವಿತ್ತು. ಈಗ ಅವಳ ಸಂಬಳ ನನ್ನ ಸಂಬಳಕ್ಕಿಂತ ಹೆಚ್ಚು. ಈ ಪ್ರಶ್ನೆಗೆ ನನ್ನ ಬಳಿ ಇಂದಿಗೂ ಒಳ್ಳೆಯ ಉತ್ತರವಿಲ್ಲ.

ಅರ್ಜಿ ಕೊಟ್ಟ ಮೇಲೆ ಪ್ರವೇಶ ಸಮಿತಿಯ ಮೂವರು ಧರ್ಮಕೇಂದ್ರದ ಕೊಠಡಿಯೊಂದರಲ್ಲಿ ಕೂರಿಸಿಕೊಂಡು ಮಾತಾಡಿಸಿದರು. ವಿಚಾರಣೆ ಎನ್ನುವುದಕ್ಕಿಂತ ಹರಟೆ ಎನ್ನಬಹುದು. ಭಾನುವಾರದ ಪೂಜೆಗೆ ಬರುತ್ತೀರಾ, ಮದುವೆ ಚರ್ಚಿನಲ್ಲಿ ಆಯಿತೇ, ತಿಂಗಳಿಗೆ ಒಂದು ಸಂಜೆ ಬಿಡುವು ಸಿಗುತ್ತದೆಯೇ, ಭಾರ ಎತ್ತಲು ಬೆನ್ನು ಸರಿಯಾಗಿದೆಯೇ. ಕೊನೆಯ ಪ್ರಶ್ನೆ ತಮಾಷೆಯಲ್ಲವೆಂದು ಈಸ್ಟರ್ ಹಬ್ಬಕ್ಕೆ ಮುಂಚಿನ ತಪಸ್ಸುಕಾಲದಲ್ಲಿ ಗೊತ್ತಾಯಿತು. ನಾನೂ ಒಂದು ಪ್ರಶ್ನೆ ಕೇಳಿದೆ, ಸ್ವಲ್ಪ ಒರಟಾಗಿಯೇ: ನನ್ನ ಬಣ್ಣದವರನ್ನು ಮೊದಲು ಸೇರಿಸಿಕೊಳ್ಳುತ್ತಿದ್ದರೇ?

ಕೇಳಲು ಕಾರಣವಿತ್ತು. ಹಿಂದೆ ಅರ್ಜಿದಾರರನ್ನು ಗುಪ್ತ ಮತದಿಂದ ಆರಿಸುತ್ತಿದ್ದರು; ಬೇಡವೆನ್ನುವವರು ಹಾಕುವ ಕರಿ ಗೋಲಿಗಳು ಬೆರಳೆಣಿಕೆಯಷ್ಟು ಬಿದ್ದರೂ ಸಾಕು, ಅರ್ಜಿ ತಿರಸ್ಕೃತ. ನಿಯಮಾವಳಿಯಲ್ಲಿ ಜನಾಂಗದ ಮಾತೇ ಇರಲಿಲ್ಲ, ಆದರೆ ಕಪ್ಪು ಕಥೋಲಿಕರನ್ನು ಹೊರಗಿಡಲು ಆ ಗೋಲಿಗಳು ಸಾಕಾಗುತ್ತಿದ್ದವು. 1909ರಲ್ಲಿ ಅಲಬಾಮಾದ ಮೊಬೀಲ್ ನಗರದಲ್ಲಿ ಕಪ್ಪು ಕಥೋಲಿಕರಿಗಾಗಿ ನೈಟ್ಸ್ ಆಫ್ ಪೀಟರ್ ಕ್ಲೇವರ್ ಎಂಬ ಬೇರೆಯೇ ಸಂಘ ಹುಟ್ಟಬೇಕಾಗಿ ಬಂದದ್ದರ ಹಿನ್ನೆಲೆಯಲ್ಲಿ ಇಂಥ ಹೊರಗಿಡುವಿಕೆಯೇ ಇದೆ. 1963ರಲ್ಲಿ ಷಿಕಾಗೋದ ಕೌನ್ಸಿಲೊಂದು ಕಪ್ಪು ಅರ್ಜಿದಾರನೊಬ್ಬನನ್ನು ತಿರಸ್ಕರಿಸಿದಾಗ ಅದರ ಪದಾಧಿಕಾರಿಗಳೇ ಪ್ರತಿಭಟಿಸಿ ರಾಜೀನಾಮೆ ಕೊಟ್ಟರು. ಮರುವರ್ಷ ಸಂಘವು ನಿಯಮ ಬದಲಿಸಿ, ಮತ ಹಾಕಿದವರಲ್ಲಿ ಮೂರನೆಯ ಒಂದು ಭಾಗವಾದರೂ ವಿರೋಧಿಸದೆ ಯಾರನ್ನೂ ತಿರಸ್ಕರಿಸಲಾಗದು ಎಂದು ಮಾಡಿತು. ಸಮಿತಿಯ ಮೂವರಲ್ಲಿ ಒಬ್ಬರು ಪೋರ್ಟರಿಕೊ ಮೂಲದವರು. ಅವರೇ ಇದನ್ನು ಯಾವ ಮುಚ್ಚುಮರೆಯಿಲ್ಲದೆ ವಿವರಿಸಿ, "ಆ ಗೋಲಿಗಳನ್ನು ಹಾಕಿದವರೂ ಭಾನುವಾರ ಪರಮಪ್ರಸಾದ ತೆಗೆದುಕೊಂಡವರೇ, ಅದನ್ನು ಮರೆಯಬೇಡಿ" ಎಂದರು. ಆ ಮಾತು ಕೇಳಿದ ಮೇಲೆ ಸೇರಬಹುದೆಂದು ನನಗೆ ಅನ್ನಿಸಿತು. ಮುಂದಿನ ಸಭೆಯಲ್ಲಿ ನನ್ನ ಹೆಸರನ್ನು ಮತಕ್ಕೆ ಹಾಕಿದರು, ಅಂಗೀಕಾರವಾಯಿತೆಂದು ಫೋನು ಬಂತು.

ದೀಕ್ಷೆಯ ವಿಧಿಯ ಬಗ್ಗೆ ಬರೆಯುವುದು ಈಗ ಕಷ್ಟವಲ್ಲ. ಮೊದಲು ದಾನ, ಏಕತೆ, ಸೋದರತ್ವ ಎಂಬ ಮೂರು ತತ್ವಗಳಿಗೆ ಮೂರು ಹಂತಗಳನ್ನು ಬೇರೆ ಬೇರೆಯಾಗಿ, ಸದಸ್ಯರಲ್ಲದವರಿಗೆ ಬಾಗಿಲು ಮುಚ್ಚಿ ನಡೆಸುತ್ತಿದ್ದರು. 2020ರ ಜನವರಿಯಿಂದ ಮೂರನ್ನೂ ಒಂದೇ ವಿಧಿಯಾಗಿ ಸೇರಿಸಿ, ಮನೆಯವರ ಎದುರಿನಲ್ಲೇ ನಡೆಸುವ ಪದ್ಧತಿ ಬಂದಿದೆ. ನನ್ನದು ಅಂಥದ್ದೇ. ದೇವಾಲಯದಲ್ಲಿ, ಪೀಠದ ಮುಂದೆ, ಬೇರೆ ಧರ್ಮಕೇಂದ್ರಗಳಿಂದ ಬಂದವರನ್ನೂ ಸೇರಿಸಿ ನಮ್ಮನ್ನು ಸಾಲಾಗಿ ನಿಲ್ಲಿಸಿದರು. ಪದಾಧಿಕಾರಿಗಳು ಒಬ್ಬೊಬ್ಬರಾಗಿ ಎದ್ದು ಒಂದೊಂದು ತತ್ವವನ್ನು ವಿವರಿಸಿದರು, ನಾವು ಪ್ರತಿಜ್ಞೆ ಮಾಡಿದೆವು, ಗುರುಗಳು ಆಶೀರ್ವದಿಸಿದ ಜಪಸರ ಕೈಗೆ ಬಂತು. ಹಳಬರಲ್ಲಿ ಕೆಲವರಿಗೆ ಈ ಬದಲಾವಣೆ ಹಿಡಿಸಿಲ್ಲ. "ನಮ್ಮ ಕಾಲದಲ್ಲಿ ಬೆವರಿಳಿಸುತ್ತಿದ್ದರು" ಎಂದು ಒಬ್ಬರು ಹೇಳಿದರು, ಹೇಗೆಂದು ಕೇಳಿದರೆ ತುಟಿ ಬಿಚ್ಚಲಿಲ್ಲ. ಆದರೆ ಈ ಗುಟ್ಟಿಗೆ ಸಂಘ ತೆತ್ತ ಬೆಲೆಯೂ ಸಣ್ಣದಲ್ಲ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ವಿರೋಧಿಗಳು, ನೈಟ್‌ಗಳು ಪ್ರೊಟೆಸ್ಟೆಂಟರನ್ನು ಕೊಲ್ಲುವ ಶಪಥ ಮಾಡುತ್ತಾರೆಂಬ ಸುಳ್ಳು ಪ್ರಮಾಣವಚನವೊಂದನ್ನು ಅಚ್ಚು ಹಾಕಿಸಿ ಊರೂರಿಗೂ ಹಂಚಿದ್ದರು. ಬಾಗಿಲು ತೆರೆದು ನಡೆಸುವ ವಿಧಿಯ ಬಗ್ಗೆ ಅಂಥ ಸುಳ್ಳು ನಿಲ್ಲುವುದಿಲ್ಲ. ನನ್ನ ಹೆಂಡತಿ ಹಿಂದಿನ ಬೆಂಚಿನಲ್ಲಿ ಕೂತು ಎಲ್ಲವನ್ನೂ ನೋಡಿದಳು. ಉದ್ದವಾಯಿತು ಎಂಬುದೊಂದೇ ಅವಳ ದೂರು.

ತಿಂಗಳ ಸಭೆಗೆ ಮೊದಲ ಸಲ ಹೋದಾಗ ನಾನು ಏನೋ ಗಂಭೀರವಾದದ್ದನ್ನು ನಿರೀಕ್ಷಿಸಿದ್ದೆ. ಕೌನ್ಸಿಲಿನ ಮುಖ್ಯಸ್ಥರಾದ ಗ್ರ್ಯಾಂಡ್ ನೈಟ್, ಚಾನ್ಸಲರ್, ವಾರ್ಡನ್, ಒಳಗಾವಲಿನವರು, ಹೊರಗಾವಲಿನವರು ಎಂದು ಪದಾಧಿಕಾರಿಗಳ ಪಟ್ಟಿಯೇ ದೊಡ್ಡದು. ಕೊರಳಲ್ಲಿ ರಿಬ್ಬನ್ನಿನ ಪದಕ ಬೇರೆ. "ವಿವಾತ್ ಜೇಸುಸ್", ಯೇಸುವಿಗೆ ಜಯವಾಗಲಿ, ಎಂದು ಲ್ಯಾಟಿನ್ನಿನಲ್ಲಿ ಆರಂಭಿಸಿದವರು ಎರಡೇ ನಿಮಿಷದಲ್ಲಿ ಸಭಾಭವನದ ಬಾಯ್ಲರ್ ದುರಸ್ತಿಗೆ ಯಾರನ್ನು ಕರೆಸಬೇಕೆಂಬ ಚರ್ಚೆಗೆ ಇಳಿದರು. ಖರ್ಚುವೆಚ್ಚದ ವರದಿ ಓದಲಾಯಿತು, ಚಳಿಗಾಲಕ್ಕೆ ಬಡಮಕ್ಕಳಿಗೆ ಕೊಡುವ ಕೋಟುಗಳ ಲೆಕ್ಕ ಬಂತು, ಯಾರೋ ತೂಕಡಿಸಿದರು.

ಎಲ್ಲರೂ ನೆಟ್ಟಗೆ ಕೂತದ್ದು ಕೊನೆಯಲ್ಲಿ, ಸಂಘದ ಒಳಿತು ಎಂದು ಕರೆಯುವ ಭಾಗ ಬಂದಾಗ. ಆಗ ಕಾಯಿಲೆಯವರ, ಕಷ್ಟದಲ್ಲಿರುವವರ ಹೆಸರುಗಳನ್ನು ಓದುತ್ತಾರೆ. ಬರಿಯ ಪ್ರಾರ್ಥನೆಗೆಂದು ಓದುವುದಲ್ಲ. ಒಂದು ಹೆಸರು ಬಂದ ಕೂಡಲೇ ಯಾರು ನೋಡಿ ಬಂದರು, ಆಸ್ಪತ್ರೆಯಿಂದ ಯಾವತ್ತು ಬಿಡುತ್ತಾರೆ, ಮನೆ ಮುಂದಿನ ಹಿಮ ಎತ್ತುವವರು ಯಾರು, ಹೆಂಡತಿಗೆ ಕಾರು ಓಡಿಸಲು ಬರುತ್ತದೆಯೇ ಎಂಬ ಪ್ರಶ್ನೆಗಳು ಏಳುತ್ತವೆ, ಕೈಗಳು ಮೇಲೇಳುತ್ತವೆ, ಕಾರ್ಯದರ್ಶಿ ಬರೆದುಕೊಳ್ಳುತ್ತಾನೆ. 1882ರ ವಾರಕ್ಕೆ ಐದು ಡಾಲರಿನ ನಿಧಿ ಈಗ ಆ ರೂಪದಲ್ಲಿಲ್ಲ. ಆದರೆ ಆ ನಿಧಿ ಯಾವುದಕ್ಕಾಗಿ ಇತ್ತೋ ಅದು ಈ ಅರ್ಧ ಗಂಟೆಯಲ್ಲಿ ನಡೆಯುತ್ತದೆ. ನಾನು ಕಂಡಂತೆ ಸಂಘದ ನಿಜವಾದ ವಿಧಿ ಇದು. ಆಮೇಲೆ ಮೆಕ್‌ಗಿವ್ನಿಯವರನ್ನು ಸಂತರೆಂದು ಸಾರಲು ಪ್ರಾರ್ಥಿಸಿ, ಪಿಜ್ಜಾ ಮತ್ತು ಬಿಯರಿನೊಂದಿಗೆ ಸಭೆ ಮುಗಿಯುತ್ತದೆ. ಭವನದ ಗೋಡೆಯ ಮೇಲೆ ಮೊದಲ ಮಹಾಯುದ್ಧದ ಕಾಲದ ಒಂದು ಚಿತ್ರವಿದೆ. ಸೈನಿಕರಿಗಾಗಿ ಸಂಘವು ನಡೆಸಿದ ವಿಶ್ರಾಂತಿ ಕುಟೀರದ್ದು. ಅಂಥ ಕುಟೀರಗಳ ಮೇಲೆ ಎಲ್ಲರಿಗೂ ಸ್ವಾಗತ, ಎಲ್ಲವೂ ಉಚಿತ ಎಂಬ ಫಲಕ ಹಾಕಿರುತ್ತಿದ್ದರಂತೆ. ನಮ್ಮ ಪಿಜ್ಜಾ ಮಾತ್ರ ಉಚಿತವಲ್ಲ, ಬಾಗಿಲಲ್ಲಿ ಡಬ್ಬಿಯಿದೆ.

ತಪಸ್ಸುಕಾಲದ ಶುಕ್ರವಾರಗಳಲ್ಲಿ ಮಾಂಸ ವರ್ಜ್ಯವಾದ್ದರಿಂದ ಕೌನ್ಸಿಲ್‌ಗಳು ಮೀನೂಟ ನಡೆಸಿ ಹಣ ಕೂಡಿಸುತ್ತವೆ. ಹೊಸಬನಿಗೆ ಆಲೂಗಡ್ಡೆ ಮೂಟೆ ಹೊರುವ ಕೆಲಸ. ಬೆನ್ನಿನ ಪ್ರಶ್ನೆ ಅದಕ್ಕೇ. ಎಣ್ಣೆಯ ಬಾಣಲೆಯ ಮುಂದೆ ನಿಲ್ಲುವ ಹಕ್ಕು ವರ್ಷಗಟ್ಟಲೆ ದುಡಿದವರಿಗೆ ಮಾತ್ರ. ಮುಂದಿನ ಕಟ್ಟೆಯಲ್ಲಿ ಪದಕ ಧರಿಸಿದ ಗಂಡಸರು ಚೀಟಿ ಹರಿಯುತ್ತಿದ್ದರೆ, ಹಿಂದೆ ಎಲೆಕೋಸು ಹೆಚ್ಚಿದವರು, ತಟ್ಟೆ ತೊಳೆದವರು ಅವರ ಹೆಂಡತಿಯರು. ನನ್ನವಳೂ ಬಂದಿದ್ದಳು, ತಾನಾಗಿಯೇ; ಮೀನಿಗೆ ಹಚ್ಚುವ ಹಿಟ್ಟಿಗೆ ಅಚ್ಚಖಾರದ ಪುಡಿ ಬೆರೆಸಿದ ಒಂದು ಬಾಣಲೆಯನ್ನು ಬೇರೆಯಾಗಿ ಮಾಡಿಸಿದಳು. ಅದು ಮೊದಲು ಖರ್ಚಾಯಿತೆಂಬುದನ್ನು ಗ್ರ್ಯಾಂಡ್ ನೈಟ್ ಮುಂದಿನ ಸಭೆಯಲ್ಲಿ ನಡಾವಳಿಗೆ ಸೇರಿಸಿದರು. ಸದಸ್ಯಳಲ್ಲದವಳ ಹೆಸರು ನಡಾವಳಿಯಲ್ಲಿ ಬಂತಲ್ಲ ಎಂದು ಅವಳಿಗೆ ತೋರಿಸಿದಾಗ, ಸಂಬಳ ಎಲ್ಲಿ ಎಂದಳು.

ನನ್ನನ್ನು ಸೇರಿಸಿದ ಅಂಚೆಯ ಹಿರಿಯರು ಮರುವರ್ಷದ ಚಳಿಗಾಲದಲ್ಲಿ ತೀರಿಕೊಂಡರು. ಸುದ್ದಿ ತಿಳಿದ ಸಂಜೆಯೇ ಕೌನ್ಸಿಲಿನಿಂದ ಕರೆಗಳು ಹರಿದಾಡಿದವು. ಪಾರ್ಥಿವ ಶರೀರವನ್ನಿಟ್ಟಿದ್ದ ಮನೆಯಲ್ಲಿ ನಾವು ಸಾಲಾಗಿ ನಿಂತು ಜಪಸರ ಮಾಡಿದೆವು. ಮೊದಲ ಮೂರು ಹಂತಗಳನ್ನು ದಾಟಿ ಮೇಲಿನ ನಾಲ್ಕನೆಯ ಹಂತಕ್ಕೆ ಏರಿದವರು ನೀಲಿ ಕೋಟು, ಬೆರೆ ಟೋಪಿ ಧರಿಸಿ ಕತ್ತಿ ಹಿಡಿದು ಶವಪೆಟ್ಟಿಗೆಯ ಎರಡೂ ಬದಿಯಲ್ಲಿ ಸರದಿಯಂತೆ ಕಾವಲು ನಿಂತರು. 2017ರವರೆಗೆ ಅವರಿಗೆ ನಿಲುವಂಗಿ ಮತ್ತು ಗರಿಯ ಟೋಪಿ ಇತ್ತು, ಅದನ್ನು ತೆಗೆದದ್ದಕ್ಕೆ ಈ ಹಿರಿಯರೇ ಸಾಯುವವರೆಗೂ ಗೊಣಗುತ್ತಿದ್ದರು. ಮಣ್ಣಾದ ಮೇಲೆ ಭವನದಲ್ಲಿ ಊಟ. ವಿಮೆಯ ಏಜೆಂಟನೂ ಸಂಘದ ಸದಸ್ಯನೇ ಆಗಿರಬೇಕೆಂಬುದು ಇಲ್ಲಿನ ಪದ್ಧತಿ. ಆತ ಆ ದಿನ ಕುರ್ಚಿ ಜೋಡಿಸಿದ್ದನ್ನು ಬಿಟ್ಟರೆ ವಿಮೆಯ ಮಾತೆತ್ತಲಿಲ್ಲ, ಮುಂದಿನ ವಾರ ಮನೆಗೆ ಹೋಗಿ ಕಾಗದಪತ್ರ ಮುಗಿಸಿಕೊಟ್ಟ.

ಆದರೆ ಅವರಿಗೆ ಬೇರೆ ಪಾಲಿಸಿಗಳೂ ಇದ್ದವು, ಬ್ಯಾಂಕಿನ ಖಾತೆಗಳಿದ್ದವು, ಮನೆಯ ಪತ್ರ ಅವರೊಬ್ಬರ ಹೆಸರಿನಲ್ಲೇ ಇತ್ತು. ಮಕ್ಕಳು ದೂರದ ರಾಜ್ಯಗಳಲ್ಲಿದ್ದರು. ನನ್ನ ಕಸುಬಿನ ಕಾರಣಕ್ಕೆ ಕಾಗದ ಓದುವ ಕೆಲಸ ನನ್ನ ಪಾಲಿಗೆ ಬಂತು. ಅಡುಗೆಮನೆಯ ಮೇಜಿನ ಮೇಲೆ ಶೂ ಡಬ್ಬಿಗಳನ್ನು ಸುರಿದು, ಯಾವುದು ಜೀವಂತ ಪಾಲಿಸಿ, ಯಾವುದು ಕಂತು ನಿಂತದ್ದು ಎಂದು ವಿಂಗಡಿಸಿ, ಅವರ ಹೆಂಡತಿಯ ಜೊತೆ ಸತ್ತವರ ಉಯಿಲು, ಆಸ್ತಿಯ ವ್ಯವಹಾರ ನೋಡುವ ಊರಿನ ಪ್ರೊಬೇಟ್ ನ್ಯಾಯಾಲಯಕ್ಕೆ ಹೋಗಿ ಕಿಟಕಿಯ ಮುಂದೆ ನಿಂತೆ. ಅಲ್ಲಿನ ಗುಮಾಸ್ತೆ ನೀವು ಇವರಿಗೆ ಏನಾಗಬೇಕು ಎಂದು ಕೇಳಿದಳು. ನಾನು ಉತ್ತರ ಹುಡುಕುವಷ್ಟರಲ್ಲಿ ಹಿರಿಯರ ಹೆಂಡತಿಯೇ, "ನೈಟ್ಸ್ ಕಡೆಯವರು" ಎಂದರು. ಗುಮಾಸ್ತೆ ತಲೆಯಾಡಿಸಿ ಮುಂದಿನ ಕಾಗದ ಕೇಳಿದಳು. ಆ ಊರಿನಲ್ಲಿ ಆ ಉತ್ತರಕ್ಕೆ ಬೇರೆ ವಿವರಣೆ ಬೇಕಿರಲಿಲ್ಲ.

ಅದಾದ ಮೇಲೆ ಒಂದು ಶನಿವಾರ ನ್ಯೂ ಹೇವನ್ನಿಗೆ ಹೋಗಿ ಸಂತ ಮೇರಿ ದೇವಾಲಯ ನೋಡಿಬಂದೆ. ಮೆಕ್‌ಗಿವ್ನಿ 1884ರಲ್ಲಿ ಥಾಮಸ್ಟನ್ ಎಂಬ ಸಣ್ಣ ಕೈಗಾರಿಕಾ ಊರಿಗೆ ವರ್ಗವಾಗಿ, 1890ರ ಆಗಸ್ಟ್ 14ರಂದು, ಮೂವತ್ತೆಂಟು ತುಂಬಿದ ಎರಡನೆಯ ದಿನ, ನ್ಯುಮೋನಿಯಾದಿಂದ ತೀರಿಕೊಂಡರು. ವಾಟರ್‌ಬರಿಯ ಸ್ಮಶಾನದಲ್ಲಿದ್ದ ಅವರ ಅವಶೇಷಗಳನ್ನು ಸಂಘದ ಶತಮಾನೋತ್ಸವದ ಹೊತ್ತಿಗೆ ಈ ದೇವಾಲಯಕ್ಕೆ ತಂದರು. ನಯವಾಗಿ ಹೊಳೆಯುವ ಕಲ್ಲಿನ ಪೆಟ್ಟಿಗೆಯೊಳಗೆ ಈಗ ಇಲ್ಲಿದ್ದಾರೆ. ಊರಿನ ಇನ್ನೊಂದು ತುದಿಯಲ್ಲಿ ನಾಲ್ಕು ಮೂಲೆಗೂ ದುಂಡನೆಯ ಗೋಪುರಗಳಿರುವ 23 ಅಂತಸ್ತಿನ ಪ್ರಧಾನ ಕಚೇರಿ. ಸದಸ್ಯರು ಈಗ 20 ಲಕ್ಷಕ್ಕೂ ಹೆಚ್ಚು. ಕೆನಡಾ, ಮೆಕ್ಸಿಕೊ, ಫಿಲಿಪ್ಪೀನ್ಸ್, ಪೋಲೆಂಡ್, ಉಕ್ರೇನ್‌ಗಳಲ್ಲೂ ಕೌನ್ಸಿಲ್‌ಗಳಿವೆ. ಆ ಕಟ್ಟಡ ನನ್ನನ್ನು ಅಷ್ಟಾಗಿ ಹಿಡಿಯಲಿಲ್ಲ. ಹಾರ್ಟ್‌ಫರ್ಡಿನಲ್ಲಿ ದಿನಾ ನೋಡುವುದು ವಿಮಾ ಕಂಪನಿಗಳ ಗೋಪುರಗಳನ್ನೇ.

ಏಜೆಂಟ್ ನನ್ನ ಮನೆಗೂ ಬಂದ. ಉದ್ಯೋಗದ ಕಡೆಯಿಂದ ನನಗಿರುವ ವಿಮೆಯನ್ನೂ ಅವನು ತಂದ ಪಾಲಿಸಿಯನ್ನೂ ಪಕ್ಕಪಕ್ಕದಲ್ಲಿಟ್ಟು ಲೆಕ್ಕ ಹಾಕಿ ತೋರಿಸಿದೆ. ನನ್ನ ವಯಸ್ಸಿಗೆ, ನನ್ನ ಮನೆಯ ಪರಿಸ್ಥಿತಿಗೆ ಇನ್ನೊಂದು ಬೇಕಿಲ್ಲವೆಂದು ಅವನೂ ಒಪ್ಪಿ, ಕಾಫಿ ಕುಡಿದು ಹೋದ. ವಿಮೆಯಿಲ್ಲದೆಯೂ ಸದಸ್ಯನಾಗಿರಬಹುದು. ನಾಲ್ಕನೆಯ ಹಂತಕ್ಕೆ ಬಾ ಎಂದು ಕರೆಯುತ್ತಿದ್ದಾರೆ. ಕೋಟು, ಟೋಪಿ, ಕತ್ತಿಯ ಖರ್ಚನ್ನು ನೋಡಿ ಸದ್ಯಕ್ಕೆ ಮುಂದೂಡಿದ್ದೇನೆ. ಅದರ ಬದಲು ಕಾಯಿಲೆಯವರ ಪಟ್ಟಿ ಮಾಡುವ ಕೆಲಸವನ್ನು ಒಪ್ಪಿಕೊಂಡೆ. ಸಭೆಗೆ ಮುಂಚಿನ ವಾರ ಸಂಜೆಗಳಲ್ಲಿ ಎಲ್ಲರಿಗೂ ಫೋನು ಮಾಡಬೇಕು. ಗಂಡಸರು ಫೋನಿನಲ್ಲಿ ಚೆನ್ನಾಗಿದ್ದೇನೆ ಎಂದೇ ಹೇಳುತ್ತಾರೆ. ಆದ್ದರಿಂದ ನಾನು ಊಟದ ಹೊತ್ತಿಗೆ ಕರೆ ಮಾಡಿ, ಹೆಂಡತಿ ಎತ್ತಿದರೆ ಅವರನ್ನೇ ಕೇಳುತ್ತೇನೆ. ಈ ತಿಂಗಳ ಪಟ್ಟಿಯಲ್ಲಿ ಮಂಡಿ ಶಸ್ತ್ರಚಿಕಿತ್ಸೆಯಾದವರು ಇಬ್ಬರು, ಹೆಂಡತಿಯನ್ನು ಕಳೆದುಕೊಂಡವರು ಒಬ್ಬರು, ಮತ್ತು ವಾರಕ್ಕೆ ಮೂರು ದಿನ ಡಯಾಲಿಸಿಸ್‌ಗೆ ಕರೆದೊಯ್ಯಬೇಕಾದವರು ಒಬ್ಬರು ಇದ್ದಾರೆ. ಮಂಗಳವಾರಕ್ಕೂ ಶನಿವಾರಕ್ಕೂ ಕಾರು ಓಡಿಸುವವರು ಸಿಕ್ಕಿದ್ದಾರೆ. ಗುರುವಾರಕ್ಕೆ ಇನ್ನೂ ವಿಚಾರಿಸುತ್ತಿದ್ದೇನೆ.